ಒಂದಕ್ಕ ಮೂವತ್ತೆರಡು

ಲೈಸೆನ್ಸ್ ರಿನ್ಯೂ ಮಾಡಸಾಕ ಹೋಗಿದ್ದೆ.
ಪಾಲಿಕೆ ಆಫೀಸಿನ ಮ್ಯಾಲಿನ ಮಾಳಗಿ, ಫ್ಯಾನು ಗರಗರ,
ಕಾಗದ ಹಾರಬಾರದಂತ ಕ್ಲಾರ್ಕ ಮ್ಯಾಲ ಇಟ್ಟಿದ್ದ,
ನನ್ನ ಕೈಯಾಗ ಹುಟ್ಟಿದ್ದನ್ನ.

ಒಂಬತ್ತಿಂಚು. ಸ್ಟೇನ್‌ಲೆಸ್ ಸ್ಟೀಲು. ಬಗ್ಗಿಸಿದ ಮೂರು ತಗಡು.
ಎರಡು ಒಂದಕ್ಕೊಂದು ಆತು ನಿಂತಾವು,
ಮೂರನೇದು ಯಾರನ್ನೂ ಮುಟ್ಟಂಗಿಲ್ಲ,
ಅರ್ಧಾ ಇಂಚು ದೂರ.

ಎಪ್ಪತ್ತೊಂಬತ್ತನೇ ಇಸವಿ. ಗೋಕುಲ ರೋಡಿನ ನನ್ನ ಶೆಡ್ಡಿಗೆ
ಅಂಬುಜಾ ಅಕ್ಕೋರು ಧಾರವಾಡದಿಂದ ಬಸ್ಸಿಗೆ ಬರತಿದ್ದರು.
ಚೀಲದಾಗ ಡ್ರಾಯಿಂಗು, ಅದರ ಮ್ಯಾಲ ಟಿಫಿನ್ ಡಬ್ಬಿ,
ಡ್ರಾಯಿಂಗಿನ ತುಂಬ ಉಪ್ಪಿನಕಾಯಿ ಎಣ್ಣಿ.
ಗೆರಿ ಯಾವುದು, ಎಣ್ಣಿ ಯಾವುದು ತಿಳಿವಲ್ದರೀ, ಅಂದೆ.
ಹೊಳ್ಳಿ ನೋಡಿದರು.
"ಎಣ್ಣಿನ ಚಲೋ ಬಾಗೇದ. ಅದರ ಪ್ರಕಾರ ಕೊಯ್ಯಿ."
ಎರಡನೇ ತಗಡಿನ ಅಂಚು ಹಂಗ ಬಂದದ್ದು.

ಇದೇನಂತ ಎಲ್ಲಾರೂ ಕೇಳತಿದ್ದರು.
ಲೇಥ್ ಮ್ಯಾಲಿನ ಈರಸಂಗಪ್ಪ ಹಕ್ಕಿ ಅಂದ,
ಚಹಾ ತರೂ ಹುಡುಗ ಮುರುಕು ಕುರ್ಚಿ ಅಂದ.
ಅಕ್ಕೋರು ಇಬ್ಬರಿಗೂ ಹೌದು ಅಂದರು.

ವೆಲ್ಡಿನ ಬಾಜೂಕ ಬದನಿಕಾಯಿ ಬಣ್ಣದ ಸುಟ್ಟ ಕಲಿ.
ಬಫ್ ಹಚ್ಚಾಕ ಹೋದೆ, ಕೈ ಹಿಡದರು. ಇರಲಿ.
ದೊಡ್ಡದರಾಗ ಈ ಕಲಿ ಎಷ್ಟು ದೊಡ್ಡದು ಆಗತದರೀ?
ಭಾಳ ಹೊತ್ತು ಸುಮ್ಮನಿದ್ದರು.
"ಬೆಂಕಿಗೆ ಸ್ಕೇಲು ತಿಳಿಯಂಗಿಲ್ಲೋ ದಾವಲಸಾಬ."

ಲೆಕ್ಕಾ ಅವರ ಹೇಳಿಕೊಟ್ಟರು:
ಎತ್ತರ ಮೂವತ್ತೆರಡು ಪಟ್ಟು, ಅಂದರ ಇಪ್ಪತ್ನಾಕು ಫೂಟು.
ವಜ್ಜಾನೂ ಮೂವತ್ತೆರಡು ಪಟ್ಟೇನರೀ?
ನಕ್ಕರು. ಸ್ಲೇಟಿನ ಮ್ಯಾಲ ಗುಣಿಸಿದರು, ಮತ್ತ ಗುಣಿಸಿದರು.
ಒಂದೂಕಾಲು ಕಿಲೋ, ಸ್ಲೇಟಿನ ತಳಕ್ಕ ಬರೂದ್ರಾಗ
ನಲವತ್ತು ಟನ್ನಾಗಿತ್ತು.
ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ.

"ನಿನ್ನ ಎತ್ತರ ಎಷ್ಟು?"
ಐದು ಫೂಟು ನಾಕಿಂಚು.
"ಹಂಗಾರ ಎರಡಿಂಚು. ಲೆಕ್ಕ ಹತ್ತತದ."
ಡಾಲ್ಡಾ ಡಬ್ಬಿ ಕತ್ತರಿಸಿ ನನ್ನನ್ನ ನಾನ ಮಾಡಿದೆ,
ಕೈ ಕಾಲು ತಲಿ ಅಷ್ಟ, ಮಾರಿ ಇಲ್ಲ.
ಪೀಠದ ಮ್ಯಾಲ ನೆಟ್ಟಗ ನಿಲ್ಲಿಸಿದ್ದೆ. ಅಕ್ಕೋರು ತಿದ್ದಿದರು.
ಸಂದಿ ಹದಿನಾರು ಇಂಚು ಆಗೂದು,
ನೆಟ್ಟಗ ಹೋದರ ಸಿಗಬೀಳತೀ,
ಅಡ್ಡ ತಿರುಗು.
ಇಕ್ಕಳದಲೆ ಅವನ ಭುಜ ಹೊಳ್ಳಿಸಿದೆ.

ಸಭಿ ಆತು. ಫೋಟೋ ಆತು. ಬಿಲ್ಲು ಬಾಕಿ ಉಳೀತು.
ಆ ಸರ್ಕಲ್ಲಿನಾಗ ಮೊದಲ ಕಾರಂಜಿ ಬಂತು, ಅದು ಬತ್ತಿತು,
ಈಗ ಸಿಗ್ನಲ್ಲು.
ಅಕ್ಕೋರು ಹೋಗಿ ಹನ್ನೊಂದು ವರ್ಷ.

ಇದೇನರೀ? ಕ್ಲಾರ್ಕನ್ನ ಕೇಳಿದೆ, ನಾನೂ.
"ಯಾರಿಗ್ಗೊತ್ತ ಅಜ್ಜಾರ. ವಜ್ಜಾ ಐತಿ. ಚಲೋ ಐತಿ."
ಕೊಡತೀರೇನು?
"ದಾಸ್ತಾನದಾಗ ನಂಬರ ಹಚ್ಯಾರ್ರೀ."
ತಳದಾಗ ಬಿಳೇ ಪೇಂಟಿನ ನಂಬರು, ಖರೆ.
ಟಿನ್ನಿನಾಂವಗ ಮಾತ್ರ ನಂಬರ ಇರಲಿಲ್ಲ.
ಮೊದಲ ಅಲಗ್ಯಾಡತಿದ್ದ.
ಅಂವ ಸಹಿ ತರಾಕ ಒಳಗ ಹೋದ, ಇಂವ ನನ್ನ ಕಿಸೆಕ್ಕ ಬಂದ.

ಈಗ ಶೆಡ್ಡಿನಾಗ ಯಾವುದರ ಮುಂದ ನಿಲ್ಲಿಸಿದರೂ
ಅದು ದೊಡ್ಡದಾಗತದ.
ಗ್ರೈಂಡರಿನ ಗಾಲಿ ವಿಜಾಪುರದ ಗುಮ್ಮಟ.
ಗಿರಮಿಟ್ಟಿನ ತಾಟು ನೃಪತುಂಗ ಬೆಟ್ಟ,
ಮ್ಯಾಲ ಕರಿದ ಮೆಣಸಿನಕಾಯಿ.
ಚಹಾದ ಗ್ಲಾಸು ಬ್ಯಾಡ, ಅದನ್ನ ನೋಡಿದರ ಎದಿ ಝಲ್ ಅಂತದ,
ಒಡದರ ಊರ ಕೊಚಿಗೊಂಡ ಹೋಗತದ.

ನಿನ್ನಿ ಟೇಬಲ್ ಖಾಲಿ ಮಾಡಿ, ಒರಸಿ,
ಅವನೊಬ್ಬನನ್ನ ನಿಲ್ಲಿಸಿದೆ.
ಮುಂದ ಏನೂ ಇಲ್ಲ.
ಆದರೂ ಅಡ್ಡ ತಿರುಗಿ ನಿಂತಾನ,
ಭುಜ ಒಳಗ ಎಳಕೊಂಡು,
ಉಸಿರ ಹಿಡದು.